ತುಕ್ಕು ಹಿಡಿದ ಡೀಸೆಲ್ ಫಿಲ್ಟರ್: ಬಲಕ್ಕಿಂತ ತಾಳ್ಮೆ ಮೇಲು

2020ರ ಏಪ್ರಿಲ್ 1ರಂದು ಬಿಎಸ್-6 ಮಾನದಂಡ ಜಾರಿಯಾದ ಬಳಿಕ ದೇಶದ ಹೊಸ ಡೀಸೆಲ್ ಕಾರುಗಳಲ್ಲಿ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಅರ್ಥಾತ್ ಡಿಪಿಎಫ್, ಸಾಮಾನ್ಯವಾಯಿತು. ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯಲ್ಲಿ ಉಪ್ಪುಗಾಳಿ ಹಾಗೂ ಸುದೀರ್ಘ ಮಳೆಗಾಲ ಅದರ ನಟ್, ಬೋಲ್ಟ್ ಮತ್ತು ಕ್ಲಾಂಪ್‌ಗಳಿಗೆ ಬೇಗನೆ ತುಕ್ಕು ಹಿಡಿಸುತ್ತವೆ. ಅದನ್ನು ಮನೆಯಲ್ಲೇ ಬಿಚ್ಚಲು ಹೊರಡುವವರು ಕೆಲವು ಸಂಗತಿಗಳನ್ನು ಮೊದಲೇ ಅರಿತಿರುವುದು ಒಳಿತು.

ಡಿಪಿಎಫ್‌ನ ಒಳಗಿರುವುದು ಜೇನುಗೂಡಿನಂತಹ ಪಿಂಗಾಣಿ ರಚನೆ. ಅದು ಹೊಗೆಯಲ್ಲಿನ ಮಸಿಯನ್ನು ತಡೆಹಿಡಿಯುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆ ಮಸಿ ಉರಿದುಹೋದರೂ, ಎಂಜಿನ್ ಆಯಿಲ್‌ನಿಂದ ಬರುವ ಬೂದಿ ಮಾತ್ರ ಉಳಿದು ವರ್ಷಗಳಲ್ಲಿ ರಂಧ್ರಗಳನ್ನು ಮುಚ್ಚುತ್ತದೆ. ಆಗ ಶುಚಿಗೊಳಿಸಲು ಅಥವಾ ಬದಲಿಸಲು ಅದನ್ನು ಹೊರತೆಗೆಯಬೇಕಾಗುತ್ತದೆ.

ಕೆಲವು ಕಾರುಗಳಲ್ಲಿ ಡಿಪಿಎಫ್ ಟರ್ಬೊಗೆ ಅಂಟಿಕೊಂಡಂತೆ ಎಂಜಿನ್ ಬಳಿಯೇ ಇರುತ್ತದೆ. ಅಂತಹ ಕೆಲಸವನ್ನು ಗ್ಯಾರೇಜಿಗೆ ಬಿಡುವುದೇ ಕ್ಷೇಮ. ಕಾರಿನ ಅಡಿಯಲ್ಲಿದ್ದರೆ ಮಾತ್ರ ಮನೆಯಲ್ಲಿ ಪ್ರಯತ್ನಿಸಬಹುದು. ಸಮತಟ್ಟಾದ ಗಟ್ಟಿ ನೆಲ, ಚಕ್ರಗಳಿಗೆ ಅಡ್ಡಗಟ್ಟೆ, ಭದ್ರವಾದ ಸ್ಟ್ಯಾಂಡ್‌ಗಳು ಕಡ್ಡಾಯ. ಕೇವಲ ಜಾಕ್‌ನ ಆಸರೆಯಲ್ಲಿ ನಿಂತ ಕಾರಿನಡಿ ನುಸುಳುವುದು ಪ್ರಾಣಾಪಾಯಕ್ಕೆ ಆಹ್ವಾನ. ಎಂಜಿನ್ ನಿಲ್ಲಿಸಿ ಕೊಳವೆ ಪೂರ್ತಿ ತಣಿಯಲು ಹಲವು ಗಂಟೆ ಕಾಯಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನೂ ಬಿಚ್ಚಿಡಬೇಕು.

ತುಕ್ಕಿನ ಕೆಲಸ ಹಿಂದಿನ ದಿನವೇ ಆರಂಭವಾಗುತ್ತದೆ. ತಂತಿಯ ಬ್ರಷ್‌ನಿಂದ ನಟ್‌ಗಳನ್ನು ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆಯನ್ನು ಹಲವು ಬಾರಿ ಹಚ್ಚಿ ರಾತ್ರಿಯಿಡೀ ಬಿಡಬೇಕು. ಮರುದಿನ ನಟ್‌ನ ಆರೂ ಮುಖಗಳನ್ನು ಹಿಡಿಯುವ ಸಾಕೆಟ್ ಹಾಕಿ, ಮೊದಲು ತುಸು ಬಿಗಿಸಿ, ಬಳಿಕ ಸಡಿಲಿಸಬೇಕು. ಎಣ್ಣೆ ಹಚ್ಚಿದ ಜಾಗಕ್ಕೆ ಬೆಂಕಿ ತೋರಿಸುವುದು ಅಪಾಯಕರ. ನಟ್ ಮಣಿಯದಿದ್ದರೆ ಬೋಲ್ಟ್ ಮುರಿಯುವಷ್ಟು ಬಲ ಹಾಕುವುದಕ್ಕಿಂತ ನಟ್ಟನ್ನೇ ಸೀಳಿ ತೆಗೆಯುವುದು ಲೇಸು.

ಒತ್ತಡ ಅಳೆಯುವ ಸಣ್ಣ ಕೊಳವೆಗಳು ಹಾಗೂ ಉಷ್ಣತೆಯ ಸೆನ್ಸರ್‌ಗಳು ಬಹು ನಾಜೂಕು. ಅವುಗಳ ಪ್ಲಗ್ ಮೊದಲೇ ಕಳಚದಿದ್ದರೆ ತಂತಿ ತಿರುಚಿ ತುಂಡಾಗುತ್ತದೆ. ಸಡಿಲಗೊಂಡ ಡಿಪಿಎಫ್ ಕೆಳಕ್ಕೆ ಬಿದ್ದರೆ ಪಿಂಗಾಣಿ ಬಿರುಕು ಬಿಡುತ್ತದೆ. ಆದ್ದರಿಂದ ಅದಕ್ಕೆ ಆಸರೆ ಕೊಟ್ಟು ಇಳಿಸಬೇಕು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಘೋಷಿಸಿದೆ. ಹೀಗಾಗಿ ಕೈಗವಸು, ಕನ್ನಡಕ, ಮುಖಗವಸು ಧರಿಸಬೇಕು. ಒಳಗಿನ ಮಸಿಯನ್ನು ಗಾಳಿಯಿಂದ ಊದುವುದಾಗಲಿ, ಚರಂಡಿಗೆ ತೊಳೆದುಬಿಡುವುದಾಗಲಿ ಸಲ್ಲದು.

ಮರುಜೋಡಣೆಗೆ ಹೊಸ ಗ್ಯಾಸ್ಕೆಟ್ ಮತ್ತು ಹೊಸ ನಟ್‌ಗಳೇ ಬೇಕು. ಹೊಸ ಡಿಪಿಎಫ್ ಹಾಕಿದ್ದಲ್ಲಿ ಸ್ಕ್ಯಾನರ್ ಮೂಲಕ ಕಾರಿನ ಕಂಪ್ಯೂಟರಿಗೂ ಅದನ್ನು ತಿಳಿಸಬೇಕಾಗುತ್ತದೆ.

ಖರ್ಚು ಉಳಿಸಲು ಡಿಪಿಎಫ್ ಇಲ್ಲದೆಯೇ ಕಾರು ಓಡಿಸುವ ಆಮಿಷಕ್ಕೆ ಮಾತ್ರ ಒಳಗಾಗಬಾರದು. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮೊದಲ ಅಪರಾಧಕ್ಕೇ ಮೂರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಂಡದ ಮಾತು ಹಾಗಿರಲಿ, ಆ ಮಸಿ ಸೇರುವುದು ನೆರೆಹೊರೆಯ ಮಕ್ಕಳ ಶ್ವಾಸಕೋಶವನ್ನು. ಬಿಚ್ಚಿದ್ದನ್ನು ಮತ್ತೆ ಸರಿಯಾಗಿ ಜೋಡಿಸಿದಾಗಲೇ ಈ ಕೆಲಸ ಮುಗಿದಂತೆ.