ಟಿಲ್ಲರಿನ ದನಿ ಒಡೆದಾಗ

ಮಳೆ ಹಿಡಿದು ಕೆರೆಗೆ ನೀರು ಬಂತೆಂದರೆ ಶಿಕಾರಿಪುರ, ಸೊರಬದ ಗದ್ದೆಬಯಲಿನಲ್ಲಿ ಬೆಳಕು ಹರಿಯುವ ಮೊದಲೇ ಟಿಲ್ಲರಿನ ಸದ್ದು. ಟ್ರ್ಯಾಕ್ಟರು ತಿರುಗಲಾಗದ ಸಣ್ಣ ಮಡಿಗೂ ಟಿಲ್ಲರ್ ಇಳಿಯುತ್ತದೆ, ಕೆಸರು ಮಾಡುತ್ತದೆ, ಸುಗ್ಗಿಯಲ್ಲಿ ಟ್ರೇಲರ್ ಕಟ್ಟಿಸಿಕೊಂಡು ಹುಲ್ಲು ಹೊರುತ್ತದೆ. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಜೊತೆಗೂಡಿ ಹುಟ್ಟಿಕೊಂಡ ಮೇಲೆ ನಮ್ಮ ರೈತರಿಗೆ ಹತ್ತಿರವಾದ ಯಂತ್ರವಿದು. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ಆ ಒಂದು ಸಿಲಿಂಡರಿನ ಉಸಿರನ್ನು ಹೊರಗೆ ಬಿಡುವುದು ಸೈಲೆನ್ಸರ್.

ಈ ಸೈಲೆನ್ಸರ್ ಎಂಜಿನ್ನಿಗೆ ಕೂಡುವ ಜಾಗದಲ್ಲಿ ಸಣ್ಣದಾಗಿ ಸೋರತೊಡಗಿದರೆ ಅದನ್ನು ಮೊದಲು ಹಿಡಿಯುವುದು ಕಿವಿ. ತುಂಬಿದ ‘ಡುಗ್ ಡುಗ್’ ಹೋಗಿ ಒಡಕು ‘ಚಟ್ ಚಟ್’ ಬರುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಹೊಗೆ ಉಗುಳುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗಿದರೆ 1000 ಸಲ ಬಿಸಿ ಹೊಗೆ ಆ ಸಂದಿಯನ್ನು ಗುದ್ದುತ್ತದೆ. ಇಂದು ಕೂದಲೆಳೆಯಷ್ಟಿದ್ದ ಸಂದಿ ನಾಟಿ ಮುಗಿಯುವಷ್ಟರಲ್ಲಿ ಉಗುರು ತೂರುವಷ್ಟಾಗುತ್ತದೆ.

“ಯಾಕೋ ದನಿ ಒಡೆದೈತೆ ಮೇಸ್ತ್ರಿ, ಎರಡು ನಟ್ಟು ಬಿಗಿ ಮಾಡಿ ಕೊಟ್ಬಿಡು.”

“ಬಿಗಿ ಆಮೇಲೆ ಗೌಡ್ರೇ. ಎಲ್ಲಿ ಒಡೆದೈತೆ ಅಂತ ಮೊದ್ಲು ನೋಡಾಣ.”

ನಮ್ಮ ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತಿದು. ಮೇಸ್ತ್ರಿಯ ಹೆಚ್ಚುಗಾರಿಕೆ ಆ ಎರಡನೆಯ ಸಾಲಿನಲ್ಲಿದೆ. ಪಾನಾ ಹಿಡಿಯುವುದಕ್ಕೆ ಮೊದಲು ಆತ ಕೂತು ನೋಡುತ್ತಾನೆ. ಸೋರಿದ ಕಡೆ ಮಸಿ ಒಂದು ಕರಿ ನಾಲಗೆಯ ಹಾಗೆ ಚಾಚಿಕೊಂಡಿರುತ್ತದೆ. ಅದರ ಬುಡವೇ ಸೋರುವ ಜಾಗ. ಮಳೆನೀರು ಮಸಿಯನ್ನು ತೊಳೆದುಬಿಟ್ಟಿದ್ದರೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಕೊಳವೆ ಕಾಯುವುದರೊಳಗೆ, ಊದುಬತ್ತಿಯೊಂದನ್ನು ಕೂಡುಜಾಗದ ಸುತ್ತ ನಿಧಾನವಾಗಿ ಸುತ್ತಿಸುತ್ತಾನೆ. ನೆಟ್ಟಗೆ ಏಳುತ್ತಿದ್ದ ಹೊಗೆ ಎಲ್ಲಿ ಬೆಚ್ಚಿ ಚದುರಿತೋ ಅಲ್ಲಿ ಬೆರಳು ತೋರಿಸುತ್ತಾನೆ. ದೇವರ ಮನೆಯ ಊದುಬತ್ತಿ ಇಷ್ಟು ನಿಖರವಾದ ಉಪಕರಣವಾಗುವುದನ್ನು ನೋಡುವುದೇ ಒಂದು ಸಂತೋಷ.

ಇನ್ನು ಬಿಚ್ಚುವ ಕೆಲಸ. ಕಾದು, ತಣಿದು, ಮಳೆಯಲ್ಲಿ ನೆನೆದ ಸ್ಟಡ್ಡಿಗೆ ನಟ್ಟು ತುಕ್ಕಿನಲ್ಲಿ ಬೆಸೆದುಹೋಗಿರುತ್ತದೆ. ಅವಸರದವನು ಬಲ ಹಾಕುತ್ತಾನೆ, ಸ್ಟಡ್ಡು ಎಂಜಿನ್ನಿನ ಒಳಗೇ ಮುರಿಯುತ್ತದೆ, ನೂರು ರೂಪಾಯಿಯ ಕೆಲಸ ಸಾವಿರಕ್ಕೆ ಹೋಗುತ್ತದೆ. ತಿಳಿದವನು ತಣ್ಣಗಿನ ನಟ್ಟಿಗೆ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡುತ್ತಾನೆ. ಬೆಳಿಗ್ಗೆ ಕಾಲು ಸುತ್ತು ಬಿಚ್ಚಿ, ಅರೆಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಮತ್ತೆ ಎಣ್ಣೆ ಬಿಟ್ಟು, ಹೀಗೆ ಓಲೈಸಿ ಹೊರತರುತ್ತಾನೆ. ಮತ್ತೆ ಹಾಕುವಾಗ ಕಬ್ಬಿಣದ ಬದಲು ಹಿತ್ತಾಳೆ ನಟ್ಟು ಸಿಕ್ಕರೆ ಅದೇ ಒಳ್ಳೆಯದು. ಹಿತ್ತಾಳೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ.

ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಕೂತಿರುವ ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆಯುವಾಗ ಒಂದು ಎಚ್ಚರ ಬೇಕು. ಹಳೆಯ ಯಂತ್ರಗಳ ಪ್ಯಾಕಿಂಗಿನಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶ ಸೇರಿದರೆ ವರ್ಷಗಟ್ಟಲೆ ಕಳೆದ ಮೇಲೆ ಕ್ಯಾನ್ಸರ್ ತರಬಲ್ಲದು. ಒಣಗಿದ್ದಂತೆ ಕೆರೆಯಬಾರದು, ಬಾಯಲ್ಲಿ ಊದಬಾರದು. ನೀರು ಹಾಕಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಇದನ್ನು ಪಾಲಿಸುವ ಮೇಸ್ತ್ರಿಯ ಹತ್ತಿರವೇ ನಿಮ್ಮ ಟಿಲ್ಲರ್ ಒಯ್ಯಿರಿ.

ಕೂಡುವ ಮುಖಗಳು ಸಮನಾಗಿವೆಯೇ ಎಂದು ನೋಡುವುದಕ್ಕೆ ಗಾಜಿನ ಹಲಗೆಯ ಮೇಲೆ ಎಮ್ರಿ ಕಾಗದ ಹಾಸಿ, ಸೈಲೆನ್ಸರಿನ ಮುಖವನ್ನು ಮೆಲ್ಲಗೆ ಉಜ್ಜುತ್ತಾರೆ. ಹೊಳಪು ಬಂದದ್ದು ಉಬ್ಬು, ಕಪ್ಪಾಗಿಯೇ ಉಳಿದದ್ದು ತಗ್ಗು. ಎಲ್ಲ ಕಡೆ ಒಂದೇ ಹೊಳಪು ಬರುವವರೆಗೂ ಉಜ್ಜಬೇಕು.

ನನಗೆ ಈ ಇಡೀ ಕೆಲಸದಲ್ಲಿ ಅಚ್ಚುಮೆಚ್ಚಿನದು ತಾಮ್ರದ ಪ್ಯಾಕಿಂಗನ್ನು ಹದ ಮಾಡುವ ಹೊತ್ತು. ಒಮ್ಮೆ ಬಿಗಿಸಿಕೊಂಡು ದುಡಿದ ತಾಮ್ರ ಗಡುಸಾಗಿರುತ್ತದೆ. ಗಡುಸಾದದ್ದು ಉಬ್ಬುತಗ್ಗಿಗೆ ಹೊಂದಿಕೊಳ್ಳುವುದಿಲ್ಲ. ಆದರೆ ಅದನ್ನು ಎಸೆಯಬೇಕಿಲ್ಲ. ಬೆಂಕಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕುತ್ತಾರೆ. ಕುಡುಗೋಲಿನ ಉಕ್ಕನ್ನು ಹೀಗೆ ಮಾಡಿದರೆ ಗಡುಸಾಗುತ್ತದೆಂದು ಕುಲುಮೆಯ ಮುಂದೆ ಕೂತ ಯಾರಿಗೂ ಗೊತ್ತು. ತಾಮ್ರ ತದ್ವಿರುದ್ಧ: ಮೆದುವಾಗುತ್ತದೆ. ಅದನ್ನು ಮೆದು ಮಾಡುವುದು ನೀರಲ್ಲ, ಬೆಂಕಿ. ಕೆಂಪಗೆ ಕಾದಾಗ ಲೋಹದೊಳಗಿನ ನಜ್ಜುಗುಜ್ಜಾದ ಹರಳುಗಳು ಹೊಸದಾಗಿ ಬೆಳೆಯುತ್ತವೆ. ನೀರು ಬೇಗ ತಣಿಸಿ ಮೇಲಿನ ಕಪ್ಪು ಹೊಪ್ಪಳೆಯನ್ನು ಉದುರಿಸುತ್ತದೆ, ಅಷ್ಟೆ. ಹೊರಬಂದ ಪ್ಯಾಕಿಂಗ್ ಕೈಯಲ್ಲಿ ಬಾಗುವಷ್ಟು ಮೆದು. ಸೋರಿಕೆ ನಿಲ್ಲಿಸುವುದು ಈ ಮೆದುತನವೇ. ನಟ್ಟಿನ ಬಲ ಅದನ್ನು ಒತ್ತಿ ಹಿಡಿಯುತ್ತದೆ, ಅಷ್ಟು ಸಾಕು. ಅಂಗಡಿಯಲ್ಲಿ ಸಿಗುವ ರಬ್ಬರಿನಂಥ ಅಂಟು ಬಳಿದರೆ ಎಂಜಿನ್ನಿನ ಬಾಯಿಯ ಕಾವಿಗೆ ಅದು ಸುಟ್ಟು ಪುಡಿಯಾಗುತ್ತದೆ.

ಕೊಳವೆಯೇ ಬಿರಿದಿದ್ದರೆ ಬೆಸುಗೆ ಬೇಕು. ಅಲ್ಲೂ ಒಂದು ಜಾಣತನವಿದೆ: ಬಿರುಕಿನ ಎರಡೂ ತುದಿಗೆ ಒಂದೊಂದು ಸಣ್ಣ ತೂತು ಕೊರೆದರೆ ಬಿರುಕು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ತುಕ್ಕನ್ನೆಲ್ಲ ಉಜ್ಜಿ, ಬಿಳಿ ಲೋಹ ಕಂಡ ಮೇಲೆ ಬೆಸೆಯುವುದು.

ಇಷ್ಟು ಸಣ್ಣದಕ್ಕೆ ಇಷ್ಟೊಂದು ಶ್ರಮವೇ ಎನ್ನುವವರು ಟಿಲ್ಲರಿನ ಹಿಂದೆ ದಿನವಿಡೀ ನಡೆಯುವವನನ್ನು ನೆನೆಯಬೇಕು. ಎಂಜಿನ್ ಅವನ ಮುಂದೆಯೇ ಇರುತ್ತದೆ. ಸೋರಿದ ಹೊಗೆ ಅವನ ಮುಖಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿಯೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಖಚಿತವಾಗಿ ಹೇಳಿದೆ. ಒಣಹುಲ್ಲು ತುಂಬಿದ ಕಣದಲ್ಲಂತೂ ಸಂದಿಯಿಂದ ಹಾರುವ ಒಂದು ಕಿಡಿ ವರ್ಷದ ಮೇವನ್ನು ಸುಡಬಹುದು.

ಕೊನೆಗೆ ಸೈಲೆನ್ಸರನ್ನು ಮತ್ತೆ ಕೂರಿಸುವಾಗ ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಸಬಾರದು. ಇತ್ತ ಸ್ವಲ್ಪ, ಅತ್ತ ಸ್ವಲ್ಪ. ಹತ್ತು ಸೆಂಟಿಮೀಟರಿನ ಕಬ್ಬಿಣ 400 ಡಿಗ್ರಿ ಕಾದರೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಆ ಹಿಗ್ಗು ಕುಗ್ಗಿನಲ್ಲಿ ಹೊಸ ಪ್ಯಾಕಿಂಗ್ ಇನ್ನಷ್ಟು ಒತ್ತಿಕೊಂಡು ಕೂರುತ್ತದೆ, ನಟ್ಟು ಸಡಿಲವಾಗುತ್ತದೆ. ಹಾಗಾಗಿ ಗ್ಯಾರೇಜಿನಿಂದ ತಂದು ಗದ್ದೆಗೆ ಇಳಿಸಿದ ಮೊದಲ ದಿನ ಸಂಜೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪಾನಾ ಹಿಡಿದು ಆ ನಟ್ಟುಗಳನ್ನು ನೀವೇ ಒಮ್ಮೆ ಮುಟ್ಟಿ ನೋಡಿ.