ಮುಖವನ್ನು ತಿದ್ದುವ ಶಸ್ತ್ರವಿದ್ಯೆ



ನಮ್ಮ ಕಾಲೇಜಿನಲ್ಲಿ ಓದಿ ಹೊರಬಿದ್ದ ತರುಣನೊಬ್ಬನು ಹೋದ ವರ್ಷ ಒಂದು ಸಂಜೆ ನಮ್ಮ ಮನೆಗೆ ಬಂದು, ಬಹಳ ಹೊತ್ತು ಅದೂ ಇದೂ ಮಾತನಾಡಿ, ಹೊರಡುವ ಸಮಯದಲ್ಲಿ ಬಾಗಿಲ ಬಳಿ ನಿಂತು, “ಸಾರ್, ಗದ್ದಕ್ಕೆ ಆಪರೇಷನ್ ಮಾಡಿಸಿಕೊಳ್ಳಬೇಕೆಂದಿದ್ದೇನೆ. ನೀವು ನಗಬಾರದು” ಎಂದನು. ನಾವು ನಗಲಿಲ್ಲ, ನಗು ಬರಲೇ ಇಲ್ಲವೆಂದರೆ ಮಾತ್ರ ಸುಳ್ಳಾದೀತು. ಆತನ ಕೆಳದವಡೆ ಹುಟ್ಟಿನಿಂದಲೂ ಹಿಂದಕ್ಕೆ ಸರಿದದ್ದು. ಪಕ್ಕದಿಂದ ನೋಡಿದವರಿಗೆ ಕೆಳತುಟಿಯಿಂದ ಮುಖವು ನೇರವಾಗಿ ಕೊರಳಿಗೆ ಇಳಿದಂತೆ ತೋರುವುದು. ತರಗತಿಯಲ್ಲಿ ಅವನು ಯಾವಾಗಲೂ ಗೋಡೆಯ ಪಕ್ಕದ ಕೊನೆಯ ಜಾಗವನ್ನೇ ಏಕೆ ಹಿಡಿಯುತ್ತಿದ್ದನೆಂಬುದು ನಮಗೆ ಆ ಸಂಜೆ ಹೊಳೆಯಿತು. ಮೂರು ವರ್ಷ ಪಾಠ ಹೇಳಿಯೂ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ನಾವು ಸಾಹಿತ್ಯವನ್ನು ಬೋಧಿಸುವವರು. ವೈದ್ಯವು ನಮ್ಮ ವೃತ್ತಿಯಲ್ಲ. ಆದರೂ ಕೇಳಿದವನಿಗೆ ಉತ್ತರ ಹೇಳಬೇಕಾದ್ದರಿಂದ ಕೆಲವು ವಾರ ಓದಿದೆವು. ಬಲ್ಲ ಶಸ್ತ್ರವೈದ್ಯರಿಬ್ಬರನ್ನು ಕಂಡು ವಿಚಾರಿಸಿದೆವು. ಹಾಗೆ ತಿಳಿದುಬಂದದ್ದನ್ನೇ ಈ ಹೊತ್ತು ತಮ್ಮ ಮುಂದಿಡುತ್ತಿದ್ದೇವೆ.

ಮುಖವನ್ನು ಕೊಯ್ದು ತಿದ್ದುವುದು ಪಶ್ಚಿಮದಿಂದ ಬಂದ ಹೊಸ ಶೋಕಿಯೆಂದು ನಮ್ಮಲ್ಲಿ ಅನೇಕರ ಭಾವನೆ. ಸುಶ್ರುತ ಸಂಹಿತೆಯಲ್ಲಿ, ಮೂಗನ್ನು ಕಳೆದುಕೊಂಡವನಿಗೆ ಎಲೆಯೊಂದನ್ನು ಅಳತೆಗೆ ಕತ್ತರಿಸಿಕೊಂಡು, ಅಷ್ಟೇ ಅಗಲದ ಚರ್ಮವನ್ನು ಕೆನ್ನೆಯಿಂದ ಎತ್ತಿ ಮೂಗನ್ನು ಕಟ್ಟುವ ಕ್ರಮ ಹೇಳಿದೆ. ಈ ವಿದ್ಯೆ ಯೂರೋಪಿನವರ ಕಣ್ಣಿಗೆ ಬಿದ್ದ ಸಂದರ್ಭಕ್ಕೂ ನಮ್ಮ ನಾಡಿಗೂ ಒಂದು ಸಂಬಂಧವುಂಟು. ಅದು ಹೆಮ್ಮೆಪಡುವ ಸಂಬಂಧವೇನೂ ಅಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಆಂಗ್ಲರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಬಳಿಯಿದ್ದ ಮುಂಬಯಿ ಸೈನ್ಯವನ್ನು ಸೇರಿ, ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದನು. ಅನಂತರ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನಿಗೆ ಹೊಸ ಮೂಗನ್ನು ಮಾಡಿದನು. ಇಬ್ಬರು ಆಂಗ್ಲ ವೈದ್ಯರು ನಿಂತು ನೋಡಿದರು. ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಈ ವೃತ್ತಾಂತವನ್ನು ಚಿತ್ರಸಹಿತ ಅಚ್ಚು ಹಾಕಿತು.

ಆ ಕುಶಲಿಯು ಮಾಡಿದ್ದೇನೆಂದರೆ: ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ತಿದ್ದಿ, ಅದನ್ನೇ ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಗೆರೆ ಎಳೆದನು. ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಉಳಿಸಿ, ಅದನ್ನು ಹೊರಳಿಸಿ ಮೂಗಿನ ಸ್ಥಾನಕ್ಕೆ ಇಳಿಸಿದನು. ರಕ್ತ ಹರಿದು ಚರ್ಮವು ಬದುಕುವುದು ಆ ಪಟ್ಟಿಯ ಮೂಲಕ. ಅಂಟಿಸುವುದಕ್ಕೆ ನೀರಿನಲ್ಲಿ ಕಲಸಿದ ಕಾಚನ್ನು ಬಟ್ಟೆಗೆ ಹಚ್ಚಿ ಸುತ್ತಿದನು. ನಾಲ್ಕು ದಿನದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಸುಮಾರು ಇಪ್ಪತ್ತೈದನೆಯ ದಿನಕ್ಕೆ ಪಟ್ಟಿಯನ್ನು ಕತ್ತರಿಸುವುದು. ಇದನ್ನು ಓದಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ಲಂಡನ್ನಿನಲ್ಲಿ ತಾನೂ ಮಾಡಿ ನೋಡಿ, ೧೮೧೬ರಲ್ಲಿ ಗ್ರಂಥ ಬರೆದನು.

ಕಾವಸ್ಜಿಗೆ ಕಳೆದುಹೋದದ್ದು ಮರಳಿತು. ನಮ್ಮ ತರುಣನಿಗಾದರೋ ಕಳೆದುಹೋದದ್ದೇನೂ ಇಲ್ಲ. ಇಂಥವನ ಮೇಲೆ ಕತ್ತಿಯಾಡಿಸುವುದು ಸರಿಯೆ ಎಂಬ ಪ್ರಶ್ನೆಯೂ ಹಳೆಯದೇ. ಬರ್ಲಿನ್ನಿನಲ್ಲಿ ಜಾಕ್ ಜೋಸೆಫ್ ಎಂಬ ವೈದ್ಯನು ೧೮೯೬ರಲ್ಲಿ ಹುಡುಗನೊಬ್ಬನ ಚಾಚಿದ ಕಿವಿಗಳನ್ನು ತಿದ್ದಿದ್ದಕ್ಕಾಗಿ ಆಸ್ಪತ್ರೆಯ ಕೆಲಸವನ್ನೇ ಕಳೆದುಕೊಂಡನು. ಎರಡು ವರ್ಷದ ಮೇಲೆ, ತನ್ನ ದೊಡ್ಡ ಮೂಗಿಗೆ ನಾಚಿ ಜನರ ನಡುವೆ ಬರುವುದನ್ನೇ ಬಿಟ್ಟಿದ್ದವನೊಬ್ಬನಿಗೆ ಮೂಗನ್ನು ಕಿರಿದುಮಾಡಿ, ಅವನ ಖಿನ್ನತೆ ಕಳೆದುದನ್ನು ವೈದ್ಯರ ಸಭೆಯಲ್ಲಿ ನಿವೇದಿಸಿದನು. ಮನಸ್ಸಿನ ನೋವೂ ನೋವೇ ಎಂಬುದು ಆತನ ವಾದ. ಮೊದಲು ನಮಗೆ ಇದು ಜಾಣತನದ ವಾದವೆಂದು ತೋರಿತು. ಗೋಡೆಯ ಪಕ್ಕದ ಆ ಜಾಗ ನೆನಪಾದ ಮೇಲೆ ಹಾಗೆ ತೋರಲಿಲ್ಲ.

ತಗ್ಗಿದ ಕಡೆ ತುಂಬಬೇಕಾದರೆ ಏನನ್ನು ತುಂಬುವುದು? ಇಲ್ಲಿಯೇ ಈ ವಿದ್ಯೆ ಬಹಳ ಎಡವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಯೆನ್ನಾದ ಗೆರ್ಸುನಿ ಎಂಬವನು ಕರಗಿಸಿದ ಪ್ಯಾರಾಫಿನ್ ಮೇಣವನ್ನು ಸೂಜಿಯಿಂದ ಒಳಸೇರಿಸುವ ಉಪಾಯ ಕಂಡುಹಿಡಿದನು. ನೋವಿಲ್ಲ, ಕೊಯ್ತವಿಲ್ಲ, ಜನ ಮುಗಿಬಿದ್ದರು. ಗ್ಲ್ಯಾಡಿಸ್ ಡೀಕನ್ ಎಂಬ ಅಮೆರಿಕದ ಸುಂದರಿ ಗ್ರೀಕ್ ಶಿಲ್ಪದ ಮೂಗು ಬೇಕೆಂದು ಇಪ್ಪತ್ತರ ಹರೆಯದಲ್ಲಿ ಮೂಗಿಗೆ ಮೇಣ ತುಂಬಿಸಿಕೊಂಡಳು. ಮೇಣವು ಕಾಲಕ್ರಮದಲ್ಲಿ ಜಾರಿ ಗದ್ದದ ಕಡೆಗೆ ಇಳಿಯಿತು. ಮುಂದೆ ಆಕೆ ಮಾರ್ಲ್‌ಬರೋದ ಡ್ಯೂಕನ ಮಡದಿಯಾದಳು. ಕೆಟ್ಟ ಮುಖ ಮಾತ್ರ ಮೊದಲಿನಂತಾಗಲಿಲ್ಲ. ಬೇರೆ ಅನೇಕರಲ್ಲಿ ಮೇಣದ ಸುತ್ತ ಗಂಟುಗಳು ಬೆಳೆದವು. ದಂತವನ್ನು ಕೆತ್ತಿ ಇಟ್ಟವರುಂಟು. ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾಗಿ ಬಂದ ಐದು ಸಾವಿರಕ್ಕೂ ಹೆಚ್ಚು ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್ಪಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಅಲ್ಲಿ ಹ್ಯಾರಲ್ಡ್ ಗಿಲ್ಲೀಸ್ ರೋಗಿಯ ಪಕ್ಕೆಲುಬಿನ ಮೃದ್ವಸ್ಥಿಯನ್ನೇ ತೆಗೆದು ಕೆತ್ತಿ ಮುಖಕ್ಕೆ ಇಟ್ಟನು. ಆ ವಾರ್ಡುಗಳಲ್ಲಿ ಕನ್ನಡಿ ಇಡಲು ಬಿಡುತ್ತಿರಲಿಲ್ಲವಂತೆ. ಈ ಮಾತು ಮುಂದೆ ನಮಗೆ ಇನ್ನೊಮ್ಮೆ ನೆನಪಾಗಬೇಕಾಯಿತು.

ಈಗ ಹೆಚ್ಚಾಗಿ ಬಳಕೆಯಲ್ಲಿರುವ ಇಂಪ್ಲಾಂಟುಗಳು ಎರಡು ಬಗೆ. ಒಂದು, ರಬ್ಬರಿನಂತೆ ಬಾಗುವ ಗಟ್ಟಿ ಸಿಲಿಕೋನ್. ದೇಹವು ಇದನ್ನು ತನ್ನದೆಂದು ಒಪ್ಪುವುದಿಲ್ಲ. ಹೊರಹಾಕಲೂ ಆಗದೆ, ರೇಷ್ಮೆಹುಳುವು ಗೂಡು ಕಟ್ಟಿಕೊಂಡಂತೆ ಸುತ್ತಲೂ ಒಂದು ಪೊರೆಯನ್ನು ಕಟ್ಟಿಬಿಡುತ್ತದೆ. ಬೇಡವೆನಿಸಿದರೆ ಪೊರೆಯನ್ನು ಸೀಳಿ ಸುಲಭವಾಗಿ ತೆಗೆಯಬಹುದು. ಇನ್ನೊಂದು, ಸಣ್ಣ ಸಣ್ಣ ರಂಧ್ರಗಳುಳ್ಳ ಪಾಲಿಎಥಿಲೀನ್. ರಂಧ್ರಗಳೊಳಕ್ಕೆ ದೇಹದ ಮಾಂಸತಂತುಗಳು ಬೆಳೆದು ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಜಾರುವ ಭಯ ಕಡಿಮೆ. ತೆಗೆಯಬೇಕಾದರೆ ಮಾತ್ರ ಬಲು ಕಷ್ಟ. ಇವೆರಡೂ ಬೇಡವೆಂದರೆ ಗದ್ದದ ಮೂಳೆಯನ್ನೇ ಅಡ್ಡಲಾಗಿ ಕೊಯ್ದು ಮುಂದಕ್ಕೆ ಸರಿಸಿ ತಿರುಪುಗಳಿಂದ ಕೂಡಿಸುವ ಕ್ರಮವೂ ಉಂಟು. ದವಡೆ ತೀರ ಹಿಂದಿರುವವರಿಗೆ, ಹಲ್ಲುಗಳು ಒಂದಕ್ಕೊಂದು ಕೂಡದವರಿಗೆ, ಮೂಳೆಯನ್ನು ಸರಿಪಡಿಸುವುದೇ ಮೇಲೆಂದು ನಾವು ಕಂಡ ವೈದ್ಯರು ಹೇಳಿದರು. ಇದನ್ನು ಹೇಳದೆ ಇಂಪ್ಲಾಂಟನ್ನೇ ಮುಂದಿಡುವವನ ಬಳಿ ಎರಡನೆಯ ಬಾರಿ ಹೋಗಬೇಕಾಗಿಲ್ಲ.

ಶಸ್ತ್ರಕ್ರಿಯೆಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಗದ್ದದ ಕೆಳಗಡೆ ಒಂದು ಅಂಗುಲದಷ್ಟು ಕೊಯ್ದೋ, ಕೆಳತುಟಿಯ ಒಳಗಡೆ ಕೊಯ್ದೋ, ಮೂಳೆಯ ಮೇಲಿನ ಪೊರೆಯನ್ನು ಎಬ್ಬಿಸಿ, ಇಂಪ್ಲಾಂಟ್ ಹಿಡಿಸುವಷ್ಟೇ ಜಾಗ ಮಾಡಬೇಕು. ಜಾಗ ಹೆಚ್ಚಾದರೆ ಅದು ಅಲುಗುತ್ತದೆ. ಇಲ್ಲಿ ಮುಖ್ಯವಾದ ಅಪಾಯವೊಂದಿದೆ. ಕೆಳದವಡೆಯ ಮೂಳೆಯಲ್ಲಿ ಎಡಬಲಗಳೆರಡರಲ್ಲೂ ಒಂದೊಂದು ಚಿಕ್ಕ ರಂಧ್ರವಿದ್ದು, ಅದರಿಂದ ಹೊರಟ ನರವು ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಅದು ಎಳೆಯಲ್ಪಟ್ಟರೂ ಸಾಕು, ತುಟಿ ವಾರಗಟ್ಟಲೆ, ತಿಂಗಳುಗಟ್ಟಲೆ ಜೋಮು ಹಿಡಿದಿರುತ್ತದೆ, ಅಪರೂಪಕ್ಕೆ ಶಾಶ್ವತವಾಗಿಯೂ. ಕೀವು ತುಂಬಿದರೆ ಔಷಧಿಯಿಂದ ಅನೇಕ ವೇಳೆ ಗುಣ ಕಾಣದೆ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ. ವರ್ಷಗಳು ಕಳೆದಂತೆ ಅದರ ಒತ್ತಡಕ್ಕೆ ಕೆಳಗಿನ ಮೂಳೆ ಸ್ವಲ್ಪ ಸವೆಯುವುದೂ ಉಂಟು.

ಇದೆಲ್ಲವನ್ನೂ ಅವನಿಗೆ ಹೇಳಿದೆವು. ಮತ್ತೊಂದನ್ನೂ ಕೇಳಿದೆವು, ಅದು ವೈದ್ಯರು ನಮಗೆ ಕಲಿಸಿದ ಪ್ರಶ್ನೆ. ಇಲ್ಲದ ಕುರೂಪವನ್ನು ಕನ್ನಡಿಯಲ್ಲಿ ಕಂಡು ದಿನವೆಲ್ಲ ಕೊರಗುವ ಮನೋರೋಗ ಕೆಲವರಿಗಿರುತ್ತದೆ. ಅಂಥವರಿಗೆ ಶಸ್ತ್ರದಿಂದ ಸುಖವಾಗುವುದು ವಿರಳ, ಒಂದಾದ ಮೇಲೊಂದು ದೋಷ ಹುಡುಕುತ್ತಾರೆ. “ದಿನಕ್ಕೆ ಎಷ್ಟು ಹೊತ್ತು ಇದನ್ನು ಯೋಚಿಸುತ್ತೀಯಪ್ಪ?” ಎಂದೆವು. ಸ್ವಲ್ಪ ಆಲೋಚಿಸಿ, “ಫೋಟೋ ತೆಗೆಯುವಾಗ ಸಾರ್, ಮತ್ತೆ ಹೆಣ್ಣು ನೋಡುವ ಮಾತು ಬಂದಾಗ” ಎಂದನು. ಅದು ಆರೋಗ್ಯವಂತನ ಉತ್ತರವೆಂದು ನಮಗೆ ತೋರಿತು.

ಮೂರನೆಯ ದಿನ ನೋಡಲು ಹೋದೆವು. ಊತವು ಅತಿಯಾಗಿರುವುದು ಎರಡು ಮೂರನೆಯ ದಿನಗಳಲ್ಲೇ ಎಂದು ತಿಳಿದಿದ್ದರೂ ನಾವು ಬೆಚ್ಚಿದೆವು. ಗದ್ದಕ್ಕೆ ಪಟ್ಟಿ, ಕೊರಳವರೆಗೆ ನೀಲಿ ಹಳದಿ ಕಲೆ, ತಲೆಯ ಕೆಳಗೆ ಮೂರು ದಿಂಬು. ಕೊಯ್ತ ಬಾಯೊಳಗಾದ್ದರಿಂದ ಅಗಿಯುವಂತಿಲ್ಲ. ತಣ್ಣಗಾದ ರಾಗಿ ಅಂಬಲಿ, ಗಂಜಿ, ಮಜ್ಜಿಗೆ. ಉಂಡಾಗಲೆಲ್ಲ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಕೋಣೆಯ ಕನ್ನಡಿಗೆ ಅವನ ತಾಯಿ ಪಂಚೆಯೊಂದನ್ನು ಇಳಿಬಿಟ್ಟಿದ್ದರು. ಆಕೆ ಸಿಡ್‌ಕಪ್ಪಿನ ಹೆಸರನ್ನೂ ಕೇಳಿದವರಲ್ಲ.

ಹೊರಗೆ ಬಂದಾಗ ಆಕೆ, “ದೇವರು ಕೊಟ್ಟ ಮುಖ ಸಾಲದಾಯಿತೇ ಮೇಷ್ಟ್ರೇ? ನೀವಾದರೂ ಬೇಡವೆನ್ನಬಾರದಾಗಿತ್ತೇ?” ಎಂದರು. ತಲೆಯೆತ್ತಿ ನೋಡಿದೆವು. ಆಕೆಯ ಗದ್ದವೂ ಮಗನದರಂತೆಯೇ ಹಿಂದೆ ಸರಿದದ್ದು. ನಮಗೆ ಉತ್ತರ ಹೊಳೆಯಲಿಲ್ಲ. ಕಾಫಿ ಕುಡಿದು ಬಂದೆವು.

ಎರಡನೆಯ ವಾರ ಅವನಿಂದ ಬಂದದ್ದು ಪಶ್ಚಾತ್ತಾಪದ ಮಾತು: ಗದ್ದ ದೊಡ್ಡದಾಯಿತು, ನಕ್ಕರೆ ಬೇರೆಯವನು ನಕ್ಕಂತಿದೆ, ತೆಗೆಸಿಬಿಡಲೇ? ಊತದಿಂದ ಹಾಗೆ ಕಾಣುವುದು, ಸ್ನಾಯುವಿನ ಬಿಗಿತದಿಂದ ನಗು ಸೊಟ್ಟಗಾಗುವುದು ಸಾಮಾನ್ಯ. ನ್ಯೂಯಾರ್ಕಿನ ಶಸ್ತ್ರವೈದ್ಯ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ೧೯೬೦ರ ತನ್ನ ಗ್ರಂಥದಲ್ಲಿ, ಹೊಸ ಮುಖ ರೋಗಿಗೆ ಒಗ್ಗಬೇಕಾದರೆ ಕಡಮೆಯೆಂದರೆ ಇಪ್ಪತ್ತೊಂದು ದಿನಗಳಾದರೂ ಬೇಕೆಂದಿದ್ದಾನೆ. ಅದನ್ನೇ ಹೇಳಿ, ಮೂರು ತಿಂಗಳವರೆಗೆ ಯಾವ ತೀರ್ಮಾನವೂ ಬೇಡವೆಂದೆವು. ಆರನೆಯ ವಾರಕ್ಕೆ ಊತ ಬಹುಮಟ್ಟಿಗೆ ಇಳಿದಿತ್ತು. ತೆಗೆಸುವ ಮಾತು ಮತ್ತೆ ಬರಲಿಲ್ಲ.

ಕಳೆದ ತಿಂಗಳು ಬಂದಿದ್ದನು. ದೀಪದ ಕಡೆಗೆ ಪಕ್ಕವಾಗಿ ಕುಳಿತನು, ಹಾಗೆ ಕುಳಿತದ್ದು ಅವನಿಗೆ ತಿಳಿದಂತೆಯೂ ಇರಲಿಲ್ಲ. ಮುಖ ಚೆನ್ನಾಗಿದೆ. ಎಡಗಡೆ ಸ್ಪರ್ಶ ಪೂರ್ತಿ ಮರಳಿದೆ. ಬಲಗಡೆ ಕ್ಷೌರಮಾಡಿಕೊಳ್ಳುವಾಗ ಗಾಯವಾದರೂ ತಿಳಿಯದಂತೆ. ಕಾಫಿ ತುಟಿಯಿಂದ ಸುರಿದರೆ ಯಾರಾದರೂ ಹೇಳಬೇಕಂತೆ. ಹಬ್ಬದ ದಿನ ತಾಯಿ, ಬಹುಕಾಲದ ಮೇಲೆ, ಗದ್ದ ಹಿಡಿದು ಮಾತನಾಡಿಸಿದರಂತೆ. “ಅರ್ಧ ಮಾತ್ರ ಗೊತ್ತಾಯಿತು ಸಾರ್” ಎಂದನು. ನರವು ಚೇತರಿಸಿಕೊಳ್ಳುವುದಕ್ಕೆ ಒಂದು ವರ್ಷದವರೆಗೂ ಅವಕಾಶವುಂಟೆಂದು ವೈದ್ಯರು ಹೇಳಿದ್ದಾರೆ. ಈಗ ಏಳನೆಯ ತಿಂಗಳು ನಡೆಯುತ್ತಿದೆ.