ರೇಡಿಯೊ ರಿಪೇರಿ ಅಂಗಡಿಯಿಂದ ಹೊರಟ ಗಿಟಾರ್

ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರ್‌ಗೆ ಜೋಡಿಸದೆ ಮೀಟಿದರೆ ಪಕ್ಕದ ಕೋಣೆಯವರಿಗೂ ಸರಿಯಾಗಿ ಕೇಳಿಸದು. ವೀಣೆಗಿರುವ ಕೊಡ ಅದಕ್ಕಿಲ್ಲ, ಮಾಮೂಲಿ ಗಿಟಾರಿಗಿರುವ ಟೊಳ್ಳು ಒಡಲೂ ಇಲ್ಲ. ಇರುವುದು ಒಂದು ಗಟ್ಟಿ ಹಲಗೆ, ಅದರ ಮೇಲೆ ಬಿಗಿದ ಆರು ಲೋಹದ ತಂತಿ. ನಾವು ಕೇಳುವ ನಾದ ಹೊರಡುವುದು ವೈರಿನ ಆ ತುದಿಯಲ್ಲಿರುವ ಪೆಟ್ಟಿಗೆಯಿಂದ. ಆದ್ದರಿಂದ ಇಲ್ಲಿ ವಾದ್ಯವೆಂದರೆ ಗಿಟಾರ್ ಒಂದೇ ಅಲ್ಲ, ಆಂಪ್ಲಿಫೈಯರ್ ಕೂಡ ವಾದ್ಯದ ಅರ್ಧ ಭಾಗ. ಇದನ್ನು ಚೆನ್ನಾಗಿ ಅರಿತು ಎರಡನ್ನೂ ಒಂದೇ ಸೂರಿನಡಿ ತಯಾರಿಸಿದವರು ಲಿಯೊ ಫೆಂಡರ್. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.

1909ರಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರ ಮನೆಯಲ್ಲಿ ಹುಟ್ಟಿದ ಫೆಂಡರ್ ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ. ರೇಡಿಯೊ ಹುಚ್ಚು ಹುಡುಗನಾಗಿದ್ದಾಗಲೇ ಹಿಡಿದಿತ್ತು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಕೆಲಸ ಕಳೆದುಕೊಂಡ ಮೇಲೆ, 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಸುತ್ತಮುತ್ತಲಿನ ವಾದ್ಯಗಾರರು ಕೆಟ್ಟುಹೋದ ಆಂಪ್ಲಿಫೈಯರ್‌ಗಳನ್ನು ಹೊತ್ತು ತರತೊಡಗಿದರು. ಯಾವ ಭಾಗ ಬೇಗ ಬಿಸಿಯಾಗುತ್ತದೆ, ಬೆಸುಗೆ ಎಲ್ಲಿ ಬಿಡುತ್ತದೆ, ಊರೂರು ಸುತ್ತುವ ವ್ಯಾನಿನಲ್ಲಿ ಕುಲುಕಿ ಯಾವ ವೈರ್ ಕಿತ್ತುಬರುತ್ತದೆ ಎಂಬುದೆಲ್ಲ ಅವರ ಕೈಗೆ ತಿಳಿದದ್ದು ಹೀಗೆ. ಮುಂದೆ ಅವರು ಮಾಡಿದ ಪ್ರತಿಯೊಂದು ವಾದ್ಯದಲ್ಲೂ ರಿಪೇರಿಯವನ ಈ ಬುದ್ಧಿ ಕಾಣುತ್ತದೆ. ಅವರ ದೊಡ್ಡತನ ಅಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ.

ತಂತಿಯ ಕಂಪನ ವಿದ್ಯುತ್ತಾಗುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡೋಣ. ತಂತಿಗಳ ಕೆಳಗೆ ಪಿಕಪ್ ಎಂಬ ಪುಟ್ಟ ಪಟ್ಟಿ ಇರುತ್ತದೆ. ಅದರಲ್ಲಿ ತಂತಿಗೊಂದರಂತೆ ಆರು ಅಯಸ್ಕಾಂತದ ಕಡ್ಡಿಗಳು. ಅವುಗಳ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಅಯಸ್ಕಾಂತದ ಸನಿಹವಿರುವ ಉಕ್ಕಿನ ತಂತಿಗೂ ಕಾಂತಗುಣ ಬಂದಿರುತ್ತದೆ. ಮೀಟಿದಾಗ ಅದು ಅಲುಗುತ್ತದೆ, ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಹೆಚ್ಚು ಕಡಿಮೆಯಾಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮವೇ ಇದು, ಜಲವಿದ್ಯುತ್ ಕೇಂದ್ರದ ಜನರೇಟರ್ ವಿದ್ಯುತ್ ಹುಟ್ಟಿಸುವುದೂ ಇದೇ ನಿಯಮದ ಮೇಲೆ. ತಂತಿ ಸೆಕೆಂಡಿಗೆ 110 ಬಾರಿ ಕಂಪಿಸಿದರೆ ವಿದ್ಯುತ್ತೂ 110 ಬಾರಿ ಏರಿಳಿಯುತ್ತದೆ. ಆದರೆ ಹಾಗೆ ಹುಟ್ಟುವುದು ವೋಲ್ಟಿನ ಒಂದು ಸಣ್ಣ ಪಾಲು ಮಾತ್ರ. ಅದನ್ನು ಸ್ಪೀಕರ್ ಅಲುಗಾಡಿಸುವಷ್ಟು ಬೆಳೆಸುವ ಕೆಲಸ ಆಂಪ್ಲಿಫೈಯರ್‌ನದು.

ಇಂಥ ಪಿಕಪ್ ಫೆಂಡರ್ ಕಂಡುಹಿಡಿದದ್ದಲ್ಲ. 1930ರ ದಶಕದ ಆರಂಭದಲ್ಲೇ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್, ತೊಡೆಯ ಮೇಲಿಟ್ಟು ನುಡಿಸುವ ಅಲ್ಯೂಮಿನಿಯಮ್ಮಿನ ಎಲೆಕ್ಟ್ರಿಕ್ ಗಿಟಾರನ್ನು ಮಾರುಕಟ್ಟೆಗೆ ತಂದಿದ್ದರು. ಅದರ ಆಕಾರ ನೋಡಿ ಜನ ಬಾಣಲೆ ಎಂದೇ ಕರೆದರು. ತೊಡಕಿದ್ದದ್ದು ಟೊಳ್ಳು ಒಡಲಿನ ಗಿಟಾರಿಗೆ ಪಿಕಪ್ ಹಚ್ಚಿದಾಗ. ಸ್ಪೀಕರಿನ ಸದ್ದು ಗಿಟಾರಿನ ತೆಳು ಹಲಗೆಯನ್ನು ನಡುಗಿಸುತ್ತಿತ್ತು, ಹಲಗೆ ತಂತಿಯನ್ನು ನಡುಗಿಸುತ್ತಿತ್ತು, ಆ ನಡುಕ ಮತ್ತೆ ಸ್ಪೀಕರಿಗೆ ಹೋಗಿ ಇನ್ನಷ್ಟು ಜೋರಾಗಿ ಮರಳುತ್ತಿತ್ತು. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕು ಕುಂಯ್ ಎಂದು ಚೀರುವುದೂ ಇದೇ ಸುತ್ತಿನಿಂದ. ಒಡಲನ್ನು ಗಟ್ಟಿ ಮರದಿಂದ ಮಾಡಿದರೆ ಈ ಸುತ್ತು ಬಹುಮಟ್ಟಿಗೆ ಮುರಿದು ಬೀಳುತ್ತದೆ.

ಫೆಂಡರ್ 1945ರಲ್ಲಿ ಡಾಕ್ ಕಾಫ್‌ಮನ್ ಜೊತೆ ಸೇರಿ ತೊಡೆಗಿಟಾರ್ ಮತ್ತು ಆಂಪ್ಲಿಫೈಯರ್ ತಯಾರಿಕೆಗೆ ಕೈಹಾಕಿದರು, ಮರುವರ್ಷ ಸ್ವಂತ ಕಂಪನಿ ಕಟ್ಟಿದರು. 1950ರಲ್ಲಿ ಬಂತು ಗಟ್ಟಿ ಹಲಗೆಯ ಗಿಟಾರ್, ಬ್ರಾಡ್‌ಕಾಸ್ಟರ್. ಅದೇ ಹೆಸರಿನ ಡ್ರಮ್ ತನ್ನದಿದೆ ಎಂದು ಗ್ರೆಚ್ ಕಂಪನಿ ತಕರಾರು ತೆಗೆಯಿತು. ಅಚ್ಚಾಗಿದ್ದ ಲೇಬಲ್ಲುಗಳನ್ನು ಬಿಸಾಡದೆ, ಆ ಹೆಸರಿನ ಭಾಗವನ್ನಷ್ಟೇ ಕತ್ತರಿಸಿ ಕೆಲಕಾಲ ಗಿಟಾರ್ ಮಾರಿದರು. 1951ರಲ್ಲಿ ಅದಕ್ಕೆ ಟೆಲಿಕಾಸ್ಟರ್ ಎಂದು ಹೆಸರಾಯಿತು.

ಈ ಗಿಟಾರನ್ನು ತಿರುಗಿಸಿ ಬೆನ್ನು ನೋಡಬೇಕು. ಹಲಗೆಗೂ ದಂಡಿಗೂ ಕೂಡುವ ಕಡೆ ಒಂದು ಆಯತಾಕಾರದ ಲೋಹದ ತಗಡು, ಅದರಲ್ಲಿ ನಾಲ್ಕು ಸ್ಕ್ರೂ. ಗಿಬ್ಸನ್‌ನಂಥ ಹಳೆಯ ಕಂಪನಿಗಳು ದಂಡಿಯನ್ನು ಗೂಟ ಕೊರೆದು ಅಂಟು ಹಾಕಿ ಕೂಡಿಸುತ್ತಿದ್ದವು, ಅದಕ್ಕೆ ಪಳಗಿದ ಬಡಗಿಗಳೇ ಬೇಕು. ಫೆಂಡರ್ ಗಿಟಾರಿನ ದಂಡಿಯ ಮೇಲಿನ ಮೆಟ್ಟಿಲು (ಫ್ರೆಟ್) ಸವೆದರೆ ನಾಲ್ಕು ಸ್ಕ್ರೂ ಬಿಚ್ಚಿ ದಂಡಿಯನ್ನೇ ಬದಲಿಸಬಹುದು. ಹಲಗೆಯನ್ನೂ ದಂಡಿಯನ್ನೂ ಬೇರೆ ಬೇರೆಯಾಗಿ ತಯಾರಿಸಿ ಕೊನೆಯಲ್ಲಿ ಜೋಡಿಸಬಹುದು. ಇದನ್ನು ಕಂಡು ಮೂಗು ಮುರಿದವರಿದ್ದರು. ಆದರೆ ದುಡಿದು ತಿನ್ನುವ ವಾದ್ಯಗಾರನಿಗೆ ಅದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿರಲಿಲ್ಲ.

1951ರಲ್ಲೇ ಪ್ರಿಸಿಷನ್ ಬೇಸ್ ಬಂತು. ಅಲ್ಲಿಯವರೆಗೆ ಮಂದ್ರ ಸ್ವರಕ್ಕೆ ಆಳೆತ್ತರದ ಡಬಲ್ ಬೇಸ್ ಹೊರಬೇಕಿತ್ತು. ಅದಕ್ಕೆ ಮೆಟ್ಟಿಲಿಲ್ಲ, ಸ್ವರಸ್ಥಾನ ಕಿವಿಯ ಲೆಕ್ಕ. ಫೆಂಡರ್ ಅದನ್ನು ಹೆಗಲಿಗೆ ನೇತುಹಾಕುವಂತೆ ಮಾಡಿ ಮೆಟ್ಟಿಲು ಕೂಡಿಸಿದರು. ಇಂದು ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆಯಲ್ಲಿ ಕಾಣುವ ಬೇಸ್ ಗಿಟಾರ್ ಈ ವಂಶದ್ದೇ. ಅದರ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರ ಜೋರಾಗಿ ಕೇಳಬೇಕಾದರೆ ಸ್ಪೀಕರ್ ಬಹಳಷ್ಟು ಗಾಳಿಯನ್ನು ತಳ್ಳಬೇಕು. ಅದಕ್ಕಾಗಿಯೇ 1952ರಲ್ಲಿ ಬೇಸ್‌ಮನ್ ಎಂಬ ಆಂಪ್ಲಿಫೈಯರ್ ಹುಟ್ಟಿತು.

1954ರ ಸ್ಟ್ರಾಟೋಕಾಸ್ಟರ್ ಗಿಟಾರಿಗೆ ಮೂರು ಪಿಕಪ್. ತಂತಿಗಳನ್ನು ಹೊತ್ತ ಕುದುರೆಯ (ಬ್ರಿಡ್ಜ್) ಹತ್ತಿರದ್ದು ಚುರುಕಾದ ತೀಕ್ಷ್ಣ ನಾದ ಕೊಡುತ್ತದೆ, ದಂಡಿಯ ಹತ್ತಿರದ್ದು ಮೃದುವಾಗಿ ತುಂಬಿಕೊಂಡ ನಾದ. ತಂತಿ ಏಕಕಾಲಕ್ಕೆ ಮೂಲಸ್ವರದಲ್ಲೂ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳಲ್ಲೂ ಕಂಪಿಸುತ್ತದೆ. ಕುದುರೆಯ ಬಳಿ ಮೂಲಸ್ವರದ ಓಲಾಟ ತೀರ ಕಡಿಮೆ, ಹಾಗಾಗಿ ಅಲ್ಲಿ ಉಪಸ್ವರಗಳ ಕೈ ಮೇಲಾಗುತ್ತದೆ. ಕಂಪನಿ ಕೊಟ್ಟ ಸ್ವಿಚ್ಚಿಗೆ ಇದ್ದದ್ದು ಮೂರೇ ಜಾಗ. ನುಡಿಸುವವರು ಅದನ್ನು ಎರಡರ ನಡುವೆ ಸಿಕ್ಕಿಸಿ, ಎರಡು ಪಿಕಪ್ ಒಟ್ಟಿಗೆ ಕೇಳುವ ಹೊಸ ನಾದವನ್ನು ಕಂಡುಕೊಂಡರು. 1977ರಲ್ಲಿ ಕಂಪನಿಯೇ ಐದು ಜಾಗದ ಸ್ವಿಚ್ ಕೊಟ್ಟಿತು.

ಆಂಪ್ಲಿಫೈಯರಿನ ಕಥೆಯೂ ಹೀಗೆಯೇ ತಿರುಗಿತು. ಫೆಂಡರ್‌ಗೆ ಬೇಕಿದ್ದದ್ದು ಕಲಬೆರಕೆಯಿಲ್ಲದ ಶುದ್ಧ ನಾದ. ಆಗಿನ ಆಂಪ್ಲಿಫೈಯರಿನಲ್ಲಿದ್ದದ್ದು ಹಳೆಯ ರೇಡಿಯೊಗಳ ಗಾಜಿನ ವಾಲ್ವ್. ವಾಲ್ವಿಗೆ ಒಂದು ಮಿತಿಯಿದೆ. ಅದನ್ನು ಮೀರಿ ದೂಡಿದರೆ ಅಲೆಯ ನೆತ್ತಿ ಮೆಲ್ಲನೆ ಚಪ್ಪಟೆಯಾಗುತ್ತದೆ, ಮೂಲದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ, ನಾದ ಒರಟಾಗಿ, ದಟ್ಟವಾಗಿ ಕೇಳುತ್ತದೆ. ಮೀಟಿದ ಸ್ವರ ಬೇಗ ಸೊರಗದೆ ನಿಲ್ಲುತ್ತದೆ. ಎಂಜಿನಿಯರ್ ದೋಷವೆಂದದ್ದನ್ನು ಬ್ಲೂಸ್ ಮತ್ತು ರಾಕ್ ವಾದಕರು ಬೇಕೆಂದೇ ಹುಡುಕಿಕೊಂಡು ಹೋದರು. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಅಮೆರಿಕದಿಂದ ಬರುವ ಫೆಂಡರ್ ದುಬಾರಿಯಾದ್ದರಿಂದ, 1960ರ ದಶಕದ ಆರಂಭದಲ್ಲಿ ತಮ್ಮ ತಂತ್ರಜ್ಞರ ಜೊತೆ ಬೇಸ್‌ಮನ್‌ನ ಸರ್ಕಿಟ್ಟನ್ನೇ ಮಾದರಿಯಾಗಿಟ್ಟುಕೊಂಡು, ಬ್ರಿಟನ್ನಿನಲ್ಲಿ ಸಿಗುವ ಬಿಡಿಭಾಗಗಳಿಂದ ತಮ್ಮದೇ ಆಂಪ್ಲಿಫೈಯರ್ ಕಟ್ಟಿದರು. ಬಿಡಿಭಾಗ, ಸ್ಪೀಕರ್ ಬದಲಾದಂತೆ ನಾದವೂ ಬದಲಾಯಿತು. 1969ರಲ್ಲಿ ವುಡ್‌ಸ್ಟಾಕ್ ಮೈದಾನದಲ್ಲಿ ಜಿಮಿ ಹೆಂಡ್ರಿಕ್ಸ್ ಸ್ಟ್ರಾಟೋಕಾಸ್ಟರನ್ನು ಮಾರ್ಷಲ್‌ಗೆ ಜೋಡಿಸಿ ಅಮೆರಿಕದ ರಾಷ್ಟ್ರಗೀತೆ ನುಡಿಸಿದರು. ತಪ್ಪಿಸಿಕೊಳ್ಳಬೇಕೆಂದು ಹಿಂದಿನವರು ಹೆಣಗಿದ ಆ ಚೀರುವ ಸುತ್ತನ್ನು ಅವರು ಬೆರಳ ತುದಿಯಲ್ಲಿ ಆಡಿಸಿದರು.

ಅಷ್ಟರಲ್ಲಿ ಫೆಂಡರ್ ಕಂಪನಿ ಕೈಬದಲಾಗಿತ್ತು. ಆರೋಗ್ಯ ಕೆಟ್ಟಿದ್ದ ಲಿಯೊ 1965ರಲ್ಲಿ 130 ಲಕ್ಷ ಡಾಲರಿಗೆ ಅದನ್ನು ಸಿಬಿಎಸ್ ಎಂಬ ಪ್ರಸಾರ ಕಂಪನಿಗೆ ಮಾರಿದ್ದರು. ನಂತರದ ವರ್ಷಗಳಲ್ಲಿ ವಾದ್ಯಗಳ ಗುಣಮಟ್ಟ ಇಳಿಯಿತೆಂಬ ದೂರು ವಾದಕರ ಬಾಯಲ್ಲಿ ಉಳಿದುಬಂತು. 1985ರಲ್ಲಿ ಬಿಲ್ ಶುಲ್ಟ್ಸ್ ನೇತೃತ್ವದಲ್ಲಿ ಕಂಪನಿಯ ಒಳಗಿನವರೇ ಅದನ್ನು ಕೊಂಡುಕೊಂಡರು. ಲಿಯೊ ಸುಮ್ಮನೆ ಕೂರಲಿಲ್ಲ. ಮ್ಯೂಸಿಕ್ ಮ್ಯಾನ್, ಜಿ ಅಂಡ್ ಎಲ್ ಎಂಬ ಕಂಪನಿಗಳಿಗಾಗಿ 1991ರಲ್ಲಿ ತೀರಿಕೊಳ್ಳುವವರೆಗೂ ಗಿಟಾರ್ ವಿನ್ಯಾಸ ಮಾಡುತ್ತಲೇ ಇದ್ದರು.

ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೊ, ಟಿ.ವಿ., ಕಂಪ್ಯೂಟರ್ ಎಲ್ಲವೂ ವಾಲ್ವನ್ನು ಕೈಬಿಟ್ಟವು. ಗಿಟಾರ್ ಆಂಪ್ಲಿಫೈಯರ್ ಬಿಡಲಿಲ್ಲ. ರಷ್ಯಾ, ಸ್ಲೊವಾಕಿಯಾ, ಚೀನಾದ ಬೆರಳೆಣಿಕೆಯ ಕಾರ್ಖಾನೆಗಳು ಇಂದಿಗೂ ವಾಲ್ವ್ ತಯಾರಿಸುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಗಿಟಾರ್ ನುಡಿಸುವವರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾ ರಫ್ತಿಗೆ ತಡೆಯೊಡ್ಡಿದಾಗ, ವಾಲ್ವ್ ಸಿಗದೆ ಪರದಾಡಿದವರೂ ಅವರೇ.